ಸಮ ಅನ್ನೋದು ಬೇರೆ, ಸಮ ಮಾಡೋದು ಬೇರೆ

ಹೋದ ಭಾನುವಾರ ಬೆಳಿಗ್ಗೆ ಕಾಫಿ ಲೋಟ ಹಿಡಿದು ಪೇಪರ್ ತಿರುವಿ ಹಾಕ್ತಾ ಕೂತಿದ್ದೆ. ಒಂಬತ್ತನೇ ಕ್ಲಾಸಿನಲ್ಲಿರೋ ಮಗಳು ಕನ್ನಡ ಹೋಂವರ್ಕ್ ಹಿಡ್ಕೊಂಡು ಬಂದಳು. ಇಂಗ್ಲಿಷ್ ವಾಕ್ಯಗಳನ್ನು ಕನ್ನಡಕ್ಕೆ ಅನುವಾದ ಮಾಡಬೇಕಂತೆ.

"ಅಪ್ಪಾ, ಈಕ್ವಲೈಸ್‌ಗೆ ಕನ್ನಡದಲ್ಲಿ ಏನು?"

"ಸಮ ಮಾಡು" ಅಂದೆ, ಪೇಪರಿನಿಂದ ತಲೆ ಎತ್ತದೆ.

"ಮತ್ತೆ ಈಕ್ವೇಟ್‌ಗೆ?"

"ಅದೂ... ಸಮ ಮಾಡು."

"ಎರಡಕ್ಕೂ ಒಂದೇನಾ? ಹಾಗಾದ್ರೆ ಇಂಗ್ಲಿಷಲ್ಲಿ ಎರಡು ಪದ ಯಾಕಿದೆ?"

ಇಂಥ ಪ್ರಶ್ನೆಗಳಿಗೆ ಎಲ್ಲ ಅಪ್ಪಂದಿರ ಹತ್ತಿರಾನೂ ಒಂದೇ ಉತ್ತರ ಇರೋದು. "ನಿಮ್ಮ ಮಿಸ್ಸನ್ನೇ ಕೇಳು" :-) ಅವಳು ಮುಖ ಊದಿಸಿಕೊಂಡು ಹೋದಳು. ಪ್ರಶ್ನೆ ಮಾತ್ರ ಹೋಗಲಿಲ್ಲ. ಸ್ನಾನ ಮಾಡುವಾಗಲೂ ಅದೇ, ಸೋಮವಾರ ಬಸ್ಸಿನಲ್ಲೂ ಅದೇ. ಅದು ನನ್ನನ್ನು ಎಲ್ಲಿಗೆ ಕರ್ಕೊಂಡು ಹೋಯ್ತು ಅನ್ನೋದನ್ನ ಇಲ್ಲಿ ಬರೆದು ಹಗುರಾಗೋಣ ಅಂತ ಕೂತಿದ್ದೀನಿ. ಸ್ವಲ್ಪ ಉದ್ದ ಆಗಬಹುದು, ಸಹಿಸ್ಕೊಳ್ಳಿ.

ಮೊದಲು ಇಂಗ್ಲಿಷಿನ ಕಡೆ ನೋಡೋಣ. ಅಲ್ಲಿ ಇರೋದು ಎರಡಲ್ಲ, ಮೂರು. ಈಕ್ವಲ್ ಅನ್ನೋದೇ ಒಂದು ಕ್ರಿಯಾಪದ. ಆಮೇಲೆ ಈಕ್ವಲೈಸ್. ಆಮೇಲೆ ಈಕ್ವೇಟ್. ಮೂರಕ್ಕೂ ಬೇರು ಲ್ಯಾಟಿನ್ನಿನ 'ಈಕ್ವಸ್' ಅನ್ನೋ ಪದ. ಮಟ್ಟಸವಾದದ್ದು, ಸಮವಾದದ್ದು, ನ್ಯಾಯವಾದದ್ದು - ಇಷ್ಟೂ ಅರ್ಥ ಅದಕ್ಕೆ. ಭೂಗೋಳದ ಪಾಠದಲ್ಲಿ ಓದಿದ ಈಕ್ವೇಟರ್ ಕೂಡ ಇದೇ ಮನೆಯದು. ಹಗಲು ರಾತ್ರಿಗಳನ್ನು ಸಮ ಮಾಡುವಂಥದ್ದು ಅಂತ ಅದರ ಮೂಲಾರ್ಥ. ನಾವು ಸಮಭಾಜಕ ವೃತ್ತ ಅಂತ ಬಾಯಿಪಾಠ ಮಾಡಿದ್ದೆವಲ್ಲ, ಅದೇ.

ಈಗ ವ್ಯತ್ಯಾಸ. 2023ರ ನವೆಂಬರ್ 5ರಂದು ಕೋಲ್ಕತ್ತದ ಈಡನ್ ಗಾರ್ಡನ್ಸ್‌ನಲ್ಲಿ ವಿರಾಟ್ ಕೊಹ್ಲಿ ಏಕದಿನ ಕ್ರಿಕೆಟ್ಟಿನ 49ನೇ ಶತಕ ಹೊಡೆದರು. ತೆಂಡೂಲ್ಕರ್ ದಾಖಲೆಗೆ ಸಮ ಆಯ್ತು. ಇದು ಈಕ್ವಲ್. ಕನ್ನಡದಲ್ಲಿ ಇದಕ್ಕೆ ಬಲು ಚಂದದ ಮಾತಿದೆ, 'ಸರಿಗಟ್ಟು'. ದಾಖಲೆ ಸರಿಗಟ್ಟಿದರು ಅಂತೀವಿ. ಇಲ್ಲಿ ತೆಂಡೂಲ್ಕರ್ ಏನೂ ಮಾಡಿಲ್ಲ, ಅವರ 49 ಅವರ ಹತ್ತಿರಾನೇ ಇದೆ. ಕೊಹ್ಲಿ ಮೇಲೆ ಬಂದು ಪಕ್ಕ ನಿಂತರು ಅಷ್ಟೆ. (ಹತ್ತು ದಿನಕ್ಕೆ ದಾಟಿಯೂ ಹೋದರು, ಆ ಮಾತು ಬೇರೆ.)

ಈಕ್ವೇಟ್ ಅಂದ್ರೆ ಎರಡು ವಸ್ತುಗಳನ್ನು ಸಮ ಅಂತ ಎಣಿಸೋದು, ಸಮ ಅಂತ ಹೇಳೋದು. ದುಡ್ಡನ್ನೂ ಸುಖವನ್ನೂ ಈಕ್ವೇಟ್ ಮಾಡ್ತಾರೆ, ಇಂಗ್ಲಿಷನ್ನೂ ಬುದ್ಧಿವಂತಿಕೆಯನ್ನೂ ಈಕ್ವೇಟ್ ಮಾಡ್ತಾರೆ. ಹಾಗೆ ಹೇಳಿದ ಮಾತ್ರಕ್ಕೆ ದುಡ್ಡೂ ಬದಲಾಗೋದಿಲ್ಲ, ಸುಖವೂ ಬದಲಾಗೋದಿಲ್ಲ. ಬದಲಾಗೋದು ಹೇಳುವವನ ತಲೆಯಲ್ಲಿ ಮಾತ್ರ. ಬೇಕಾಗೋದು ಎರಡು ಗೆರೆ. ಆ ಎರಡು ಗೆರೆಯ ಚಿಹ್ನೆಯನ್ನು 1557ರಲ್ಲಿ ತನ್ನ ಬೀಜಗಣಿತದ ಪುಸ್ತಕದಲ್ಲಿ ಮೊದಲು ಬಳಸಿದವನು ರಾಬರ್ಟ್ ರೆಕಾರ್ಡ್ ಅನ್ನೋ ವೇಲ್ಸ್ ದೇಶದ ವೈದ್ಯ. 'ಇದಕ್ಕೆ ಇದು ಸಮ' ಅಂತ ಸಾಲು ಸಾಲಿಗೂ ಬರೆದು ಬೇಸರವಾಗಿತ್ತಂತೆ. ಎರಡು ಸಮಾನಾಂತರ ಗೆರೆಗಳಿಗಿಂತ ಹೆಚ್ಚು ಸಮವಾದ ಜೋಡಿ ಇನ್ಯಾವುದಿದೆ ಅನ್ನೋದು ಅವನ ತರ್ಕ. ಮುಂದಿನ ವರ್ಷವೇ ಪಾಪ ಜೈಲಿನಲ್ಲಿ ಸತ್ತ.

ಈಕ್ವಲೈಸ್ ಹಾಗಲ್ಲ. ಅಲ್ಲಿ ಏನೋ ಒಂದು ನಡೀಬೇಕು. ಮೊದಲು ಸಮ ಇರಲಿಲ್ಲ, ಈಗ ಇದೆ. ನಡುವೆ ಯಾರೋ ಕೈ ಹಾಕಿದ್ದಾರೆ. ಎಲ್ಲೋ ಒಂದಷ್ಟು ಸೇರಿದೆ, ಅಥವಾ ಎಲ್ಲಿಂದಲೋ ಒಂದಷ್ಟು ಹೋಗಿದೆ.

ಇದನ್ನು ಓದುತ್ತಿರೋರಲ್ಲಿ ಸಾಫ್ಟ್‌ವೇರಿನವರೇ ಹೆಚ್ಚು ಅಂತ ನನಗೆ ಗೊತ್ತು. ನಿಮಗೆ ಒಂದೇ ಸಾಲಿನಲ್ಲಿ ಹೇಳಿಬಿಡಬಹುದು. ಸಿ ಭಾಷೆಯಲ್ಲಿ = ಹಾಕಿದರೆ 'ಸಮ ಮಾಡು' ಅಂತ ಅಪ್ಪಣೆ, == ಹಾಕಿದರೆ 'ಸಮ ಇದೆಯಾ?' ಅಂತ ಪ್ರಶ್ನೆ. ಒಂದರ ಜಾಗದಲ್ಲಿ ಇನ್ನೊಂದು ಹಾಕಿ ಎಷ್ಟು ರಾತ್ರಿ ನಿದ್ದೆಗೆಟ್ಟಿಲ್ಲ ನಾವು! ಬದುಕಿನಲ್ಲೂ ಅದೇ ಎಡವಟ್ಟು ನಡೀತಾ ಇರುತ್ತೆ. ಕಂಪೈಲರ್ ಎಚ್ಚರಿಸೋದಿಲ್ಲ ಅಷ್ಟೆ.

ಇನ್ನು ಕನ್ನಡದ ಕಡೆ ಬರೋಣ. ನಮ್ಮಲ್ಲಿ ಪದಗಳಿಗೆ ಬರ ಇಲ್ಲ. ಸರಿಗಟ್ಟು, ಸರಿದೂಗಿಸು, ಸಮತಟ್ಟು ಮಾಡು, ಮಟ್ಟ ಮಾಡು, ಸಮೀಕರಿಸು, ತಾಳೆ ಹಾಕು, ಒಂದೇ ತಕ್ಕಡಿಯಲ್ಲಿ ತೂಗು... ನೋಡ್ತಾ ಹೋದ್ರೆ ಪಟ್ಟಿ ಬೆಳೆಯುತ್ತೆ. 'ಸರಿ' ಅನ್ನೋ ಪದವನ್ನೇ ನೋಡಿ. 'ಸರಿ ತಪ್ಪು' ಅನ್ನುವಾಗ ಅದು ನ್ಯಾಯ. 'ಸರಿಸಮ' ಅನ್ನುವಾಗ ಅದು ಸಮಾನ. 'ರೇಡಿಯೋ ಸರಿ ಮಾಡಿಸ್ಕೊಂಡು ಬಾ' ಅನ್ನುವಾಗ ರಿಪೇರಿ. ಸಮ ಮಾಡೋದು, ನ್ಯಾಯ ಮಾಡೋದು, ಕೆಟ್ಟದ್ದನ್ನು ರಿಪೇರಿ ಮಾಡೋದು - ಮೂರಕ್ಕೂ ಒಂದೇ ಪದ ಇಟ್ಟುಕೊಂಡಿದ್ದಾರಲ್ಲ ನಮ್ಮ ಹಿರಿಯರು! ಲ್ಯಾಟಿನ್ನಿನ ಈಕ್ವಸ್ ಏನು ಹೇಳುತ್ತೋ ಅದನ್ನೇ ನಮ್ಮ 'ಸರಿ' ಹೇಳ್ತಾ ಇದೆ.

ಆದ್ರೆ ಇದೇ ಮನೆಯಲ್ಲಿ ಇನ್ನೆರಡು ಪದ ಇವೆ. ಅವು ಬೇರೆ ಕಥೆ ಹೇಳ್ತವೆ. ಒಂದು 'ನೆಲಸಮ'. ಬುಲ್ಡೋಜರ್ ಬಂತು, ಗುಡಿಸಲುಗಳನ್ನು ನೆಲಸಮ ಮಾಡ್ತು. ಇನ್ನೊಂದು 'ಮಟ್ಟ ಹಾಕು'. ಪ್ರತಿಭಟನೆಯನ್ನು ಮಟ್ಟ ಹಾಕಿದರು, ಅವನ ಸೊಕ್ಕನ್ನು ಮಟ್ಟ ಹಾಕಿದರು. ಮಟ್ಟ ಅಂದ್ರೆ ಲೆವೆಲ್. ಗಾರೆ ಕೆಲಸದವರು ಗೋಡೆ ಮೇಲೆ ಇಟ್ಟು ನೋಡ್ತಾರಲ್ಲ ರಸಮಟ್ಟ, ಅದೇ ಮಟ್ಟ. ತಲೆ ಎತ್ತಿದ್ದನ್ನು ಬಡಿದು ಕೂರಿಸೋದೂ ಒಂದು ರೀತಿಯಲ್ಲಿ ಸಮ ಮಾಡೋದೇ ಅಂತ ಭಾಷೆಗೆ ಗೊತ್ತು. ಬರೀ 'ಸಮಾನತೆ ಸಾಧಿಸು' ಅಂತ ಬರೆಯೋ ನಮಗೆ ಅದು ಮರೆತುಹೋಗುತ್ತೆ.

ಹಾಗಾಗಿ ನನಗೆ ಹೊಳೆದದ್ದು ಇಷ್ಟು. ಎರಡು ಅಸಮಗಳನ್ನು ಸಮ ಮಾಡೋಕೆ ಮೂರೇ ದಾರಿ.

ಮೊದಲನೆಯದು, ಕೆಳಗಿರೋದನ್ನು ಏರಿಸೋದು. ಫುಟ್‌ಬಾಲ್ ನೋಡೋರು ಈಕ್ವಲೈಸರ್ ಅಂತ ಕೂಗೋದು ಇದಕ್ಕೇ. 2022ರ ಡಿಸೆಂಬರ್ 18ರ ವಿಶ್ವಕಪ್ ಫೈನಲ್ ನೆನಪಿದೆಯಲ್ಲ? ಅರ್ಜೆಂಟೀನಾ 2-0 ಮುಂದಿತ್ತು. ನಮ್ಮ ಮನೆಯಲ್ಲಿ ಎಲ್ಲರೂ ಮುಗೀತು ಅಂತ ಊಟಕ್ಕೆ ಎದ್ದಿದ್ದೆವು. 80ನೇ ನಿಮಿಷ, 81ನೇ ನಿಮಿಷ - ಎಂಬಾಪೆ ಎರಡು ಗೋಲು ಹೊಡೆದು 2-2 ಮಾಡಿಬಿಟ್ಟ. ಎಕ್ಸ್‌ಟ್ರಾ ಟೈಮಿನಲ್ಲಿ ಮೆಸ್ಸಿ ಮತ್ತೆ ಮುಂದೆ ತಂದರೆ ಇವನು ಮತ್ತೆ 3-3. ಕೊನೆಗೆ ಪೆನಾಲ್ಟಿಯಲ್ಲಿ ಅರ್ಜೆಂಟೀನಾ ಗೆದ್ದಿತು, ಇರಲಿ. ಗಮನಿಸಬೇಕಾದ್ದು ಏನಂದ್ರೆ, ಆ ಆಟದಲ್ಲಿ ಈಕ್ವಲೈಸ್ ಮಾಡೋಕೆ ಆಗೋದು ಹಿಂದೆ ಬಿದ್ದವನಿಗೆ ಮಾತ್ರ. ಮುಂದಿರುವವನ ಗೋಲು ಕಿತ್ತುಕೊಂಡು ಸಮ ಮಾಡೋ ನಿಯಮ ಇಲ್ಲ. ಮುಂದಿರುವವನು ದೊಡ್ಡ ಮನಸ್ಸು ಮಾಡಿ 'ಹೋಗ್ಲಿ, ಸಮ ಅಂದ್ಕೊಳ್ಳೋಣ' ಅನ್ನೋ ಹಾಗೂ ಇಲ್ಲ.

ಎರಡನೆಯದು, ಮೇಲಿರೋದನ್ನು ಇಳಿಸೋದು. ನೆಲಸಮ, ಮಟ್ಟ ಹಾಕು. ಇದರ ಬಗ್ಗೆ ಹೆಚ್ಚು ಹೇಳೋದು ಬೇಡ. ನಮ್ಮ ಆಫೀಸುಗಳಲ್ಲಿ ಚೆನ್ನಾಗಿ ಕೆಲಸ ಮಾಡೋನಿಗೆ ಏನಾಗುತ್ತೆ ಅಂತ ಎಲ್ಲರಿಗೂ ಗೊತ್ತು :-)

ಮೂರನೆಯದು, ಇಲ್ಲಿಂದ ತೆಗೆದು ಅಲ್ಲಿಗೆ ಹಾಕೋದು. ಊರಿನಲ್ಲಿ ನಾಟಿಗೆ ಮುಂಚೆ ಗದ್ದೆಗೆ ನೀರು ಬಿಟ್ಟು ಹಲಗೆ ಎಳೆಯೋದು ನೋಡಿದ್ದೀರಲ್ಲ. ಎತ್ತರದ ಕಡೆಯ ಕೆಸರು ಹಲಗೆಗೆ ಸಿಕ್ಕಿ ತಗ್ಗಿಗೆ ಬಂದು ಕೂರುತ್ತೆ. ಒಂದು ಹಿಡಿ ಮಣ್ಣೂ ಗದ್ದೆಯಿಂದ ಆಚೆ ಹೋಗಲ್ಲ, ಒಂದು ಹಿಡಿಯೂ ಹೊರಗಿಂದ ಬರಲ್ಲ. ಎಲ್ಲಿ ಎತ್ತರ ಎಲ್ಲಿ ತಗ್ಗು ಅಂತ ಹೇಳೋಕೆ ನೀರಿದೆ. ನೀರು ಸುಳ್ಳು ಹೇಳಲ್ಲ. ಮಟ್ಟ ಮಾಡದೇ ಬಿಟ್ಟರೆ ತಗ್ಗಿನ ಸಸಿ ಕೊಳೆಯುತ್ತೆ, ದಿಬ್ಬದ ಸಸಿ ಒಣಗುತ್ತೆ. ನಷ್ಟ ಇಡೀ ಗದ್ದೆಗೆ.

ಇವು ಮೂರೂ 'ಮಾಡೋದು'. ಇವುಗಳ ಪಕ್ಕದಲ್ಲಿ ನಾಲ್ಕನೆಯದು ಒಂದು ಸದ್ದಿಲ್ಲದೆ ಬಂದು ಕೂರುತ್ತೆ. ಏರಿಸೋದೂ ಇಲ್ಲ, ಇಳಿಸೋದೂ ಇಲ್ಲ, ಹಂಚೋದೂ ಇಲ್ಲ. ನಡುವೆ ಎರಡು ಗೆರೆ ಹಾಕಿ 'ಸಮ' ಅಂದುಬಿಡೋದು. ಈಕ್ವೇಟ್.

ಪದ ಒಂದು, ಕೆಲಸ ಇನ್ನೊಂದು ಆದರೆ ಏನಾಗುತ್ತೆ ಅನ್ನೋದಕ್ಕೆ ನಮ್ಮ ದೇಶದ್ದೇ ಒಂದು ದೊಡ್ಡ ಉದಾಹರಣೆ ಇದೆ. ಫ್ರೈಟ್ ಈಕ್ವಲೈಸೇಷನ್ ಅಂತ ಕೇಂದ್ರ ಸರ್ಕಾರದ ನೀತಿ. 1950ರ ದಶಕದಲ್ಲಿ ಶುರುವಾಗಿ 1990ರ ದಶಕದ ಆರಂಭದವರೆಗೆ ನಡೆಯಿತು. ಸರಳವಾಗಿ ಹೇಳೋದಾದ್ರೆ, ಉಕ್ಕಿಗೆ ದೇಶದ ಎಲ್ಲ ಕಡೆ ಒಂದೇ ಬೆಲೆ. ಸಾಗಣೆ ವೆಚ್ಚವನ್ನೆಲ್ಲ ಒಟ್ಟು ಹಾಕಿ ಸರಾಸರಿ ತೆಗೆದು ಎಲ್ಲರ ಬೆಲೆಗೂ ಸೇರಿಸಿಬಿಡೋದು. ಜಮ್‌ಶೆಡ್‌ಪುರದ ಕಾರ್ಖಾನೆಯ ಗೇಟಿನ ಮುಂದೆ ಕೊಂಡರೂ ಅಷ್ಟೇ, ಸಾವಿರಾರು ಕಿಲೋಮೀಟರ್ ದೂರದ ಮುಂಬಯಿಯಲ್ಲೋ ನಮ್ಮ ಬೆಂಗಳೂರಿನಲ್ಲೋ ಕೊಂಡರೂ ಅಷ್ಟೇ. ಉದ್ದೇಶ ಕೆಟ್ಟದ್ದೇನಲ್ಲ. ದೇಶದ ಎಲ್ಲ ಭಾಗದಲ್ಲೂ ಕೈಗಾರಿಕೆ ಬರಲಿ ಅಂತ.

ಆದ್ರೆ ಆಗಿದ್ದೇನು? ಗಣಿಯ ಪಕ್ಕದಲ್ಲಿದ್ದವರಿಗೆ ದೇವರು ಕೊಟ್ಟ ಒಂದೇ ಒಂದು ಅನುಕೂಲ ಆ ಹತ್ತಿರ. ಅದನ್ನು ತೆಗೆದುಬಿಟ್ಟರು. ಬಂದರು, ಬ್ಯಾಂಕು, ಮಾರುಕಟ್ಟೆ, ಕಾಲೇಜು ಇದ್ದ ದೂರದ ಊರುಗಳ ಅನುಕೂಲ ಮಾತ್ರ ಹಾಗೇ ಉಳಿಯಿತು. ಅದನ್ನು ಯಾರೂ ಈಕ್ವಲೈಸ್ ಮಾಡಲಿಲ್ಲ. ಕಾರ್ಖಾನೆ ಹಾಕೋನು ಬಿಹಾರಕ್ಕೆ ಯಾಕೆ ಹೋಗ್ತಾನೆ? ಆಗಿನ ಬಿಹಾರ, ಪಶ್ಚಿಮ ಬಂಗಾಳ, ಒಡಿಶಾ, ಆಗಿನ ಮಧ್ಯಪ್ರದೇಶದ ಜನ ಈ ನೀತಿಯ ಬಗ್ಗೆ ದಶಕಗಟ್ಟಲೆ ದೂರಿಕೊಂಡರು. ಉಕ್ಕಿಗೆ ಇರೋ ನಿಯಮ ಪಶ್ಚಿಮದ ಹತ್ತಿಗೆ ಯಾಕಿಲ್ಲ ಅನ್ನೋದು ಅವರ ಪ್ರಶ್ನೆ. ಆ ರಾಜ್ಯಗಳು ಹಿಂದುಳಿಯೋದಕ್ಕೆ ಇದೊಂದೇ ಕಾರಣ ಅಂತ ನಾನು ಹೇಳ್ತಿಲ್ಲ. ಆದ್ರೆ ಹೆಸರಿನಲ್ಲೇ ಈಕ್ವಲೈಸ್ ಇಟ್ಟುಕೊಂಡ ನೀತಿ ಒಂದು ಅಸಮವನ್ನು ಅಳಿಸಿ ಇನ್ನೊಂದನ್ನು ಬೆಳೆಸಿತು ಅನ್ನೋದಂತೂ ನಿಜ. ನಾವು ದೂರದ ಊರಿನವರು ಲಾಭ ಪಡೆದವರ ಕಡೆ ನಿಂತಿದ್ದೆವು ಅನ್ನೋದನ್ನೂ ಒಪ್ಪಿಕೊಳ್ಳಬೇಕು. ಗದ್ದೆಯ ನೀರಿನ ಹಾಗೆ ಎಲ್ಲಿ ಎತ್ತರ ಎಲ್ಲಿ ತಗ್ಗು ಅಂತ ಮೊದಲು ನೋಡದೆ ಹಲಗೆ ಎಳೆದರೆ ಹೀಗೇ. ತಗ್ಗಿನ ಮಣ್ಣೇ ಎತ್ತರಕ್ಕೆ ಹೋಗಿ ಕೂರುತ್ತೆ.

ಇದೇ ಮಾತನ್ನು ಅಂಬೇಡ್ಕರ್ 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಬೇರೆ ಥರ ಎತ್ತಿದ್ದರು. ಜನವರಿ 26ರಿಂದ ನಾವು ವಿರೋಧಾಭಾಸದ ಬದುಕಿಗೆ ಕಾಲಿಡ್ತೀವಿ, ರಾಜಕೀಯದಲ್ಲಿ ಸಮಾನತೆ ಇರುತ್ತೆ, ಸಾಮಾಜಿಕ ಆರ್ಥಿಕ ಬದುಕಿನಲ್ಲಿ ಅಸಮಾನತೆ ಇರುತ್ತೆ ಅನ್ನೋದು ಅವರ ಎಚ್ಚರಿಕೆಯ ಸಾರ. ನನ್ನ ಮಗಳ ಹೋಂವರ್ಕಿನ ಭಾಷೆಯಲ್ಲಿ ಹೇಳೋದಾದ್ರೆ, ಈಕ್ವೇಟ್ ಆಯ್ತು, ಈಕ್ವಲೈಸ್ ಬಾಕಿ ಇದೆ. ಒಂದು ಓಟಿಗೆ ಇನ್ನೊಂದು ಓಟು ಸಮ ಅಂತ ಬರೆದಾಯ್ತು. ಬರೆದದ್ದು ಸಣ್ಣ ಕೆಲಸ ಅಲ್ಲ, ಅದಿಲ್ಲದೆ ಮುಂದಿನದ್ದು ಶುರುವೇ ಆಗಲ್ಲ. ಆದ್ರೆ ಅಲ್ಲಿಗೆ ಮುಗಿಯಲೂ ಇಲ್ಲ.

* * *

ಇಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ದೇಶದ ಕಥೆ, ಯಾರದೋ ಉಕ್ಕಿನ ಕಥೆ. ಆದ್ರೆ ಪ್ರಶ್ನೆ ನಮ್ಮ ಮನೆಗೇ ಬಂತು.

ಅಪ್ಪ 2009ರಲ್ಲಿ ತೀರಿಕೊಂಡರು. ಅಮ್ಮ ಅದಕ್ಕೂ ಮೊದಲೇ ಹೋಗಿದ್ದಳು. ಊರಿನಲ್ಲಿ ಪಿತ್ರಾರ್ಜಿತ ಜಮೀನು ನಾಲ್ಕೂವರೆ ಎಕರೆ. ಮಕ್ಕಳು ಮೂವರು. ಅಕ್ಕ, ನಾನು, ತಮ್ಮ. 2011ರಲ್ಲಿ ದೊಡ್ಡಪ್ಪನ ಯಜಮಾನಿಕೆಯಲ್ಲಿ ಪಾಲು ಆಯ್ತು. ನಮ್ಮ ಕಡೆ ಒಂದು ಪದ್ಧತಿ ಇದೆ, ದೊಡ್ಡವನು ಪಾಲು ಮಾಡಬೇಕು, ಚಿಕ್ಕವನು ಆರಿಸಿಕೊಳ್ಳಬೇಕು. ಎಂಥ ಜಾಣತನ ನೋಡಿ! ಆರಿಸೋ ಹಕ್ಕು ತನಗಿಲ್ಲ ಅಂತ ಗೊತ್ತಿದ್ದಾಗ ಪಾಲು ಮಾಡುವವನ ಕೈ ತಾನಾಗೇ ನೆಟ್ಟಗಿರುತ್ತೆ. ಅಡಿಕೆ ಮರ ಲೆಕ್ಕ ಹಾಕಿದೆವು. ಬಾವಿಯ ನೀರಿಗೆ ವಾರದ ಸರದಿ ಬರೆದೆವು. ಒಂದು ಕಡೆ ಹಲಸಿನ ಮರ ಬಂದಿದ್ದಕ್ಕೆ ಇನ್ನೊಂದು ಕಡೆಗೆ ದನದ ಕೊಟ್ಟಿಗೆ ಬಿಟ್ಟೆವು. ಅಣ್ಣತಮ್ಮಂದಿರ ಮಧ್ಯೆ ಒಂದು ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಆಗದ ಹಾಗೆ ನೋಡಿಕೊಂಡೆವು. ತಲಾ ಎರಡು ಎಕರೆ ಹತ್ತು ಗುಂಟೆ. ಊರಿನವರೆಲ್ಲ ಹೊಗಳಿದರು, ಪಾಲು ಅಂದ್ರೆ ಹೀಗಿರಬೇಕು ಅಂತ.

ಅಕ್ಕ ಆವತ್ತು ಒಳಗಿಂದ ಎಲ್ಲರಿಗೂ ಕಾಫಿ ತಂದು ಕೊಡ್ತಾ ಇದ್ದಳು.

ಕಾನೂನು ಗೊತ್ತಿರಲಿಲ್ಲ ಅಂತ ನಾನು ಹೇಳೋ ಹಾಗಿಲ್ಲ. ಕರ್ನಾಟಕದಲ್ಲಿ 1994ರ ಜುಲೈ 30ರಿಂದಲೇ ಹಿಂದೂ ಅವಿಭಕ್ತ ಕುಟುಂಬದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳಷ್ಟೇ ಹಕ್ಕು ಬಂದಿತ್ತು. ಅಷ್ಟರೊಳಗೆ ಮದುವೆಯಾದವರಿಗೆ ಮಾತ್ರ ಇಲ್ಲ ಅಂತ ಒಂದು ಷರತ್ತಿತ್ತು. 2005ರ ಸೆಪ್ಟೆಂಬರ್ 9ರಿಂದ ಇಡೀ ದೇಶಕ್ಕೇ ಕಾನೂನು ಬಂತು, ಅದರಲ್ಲಿ ಮದುವೆಯ ಷರತ್ತೂ ಇಲ್ಲ. ತಂದೆ 2005ರಲ್ಲಿ ಬದುಕಿರಬೇಕಿತ್ತೋ ಇಲ್ಲವೋ ಅನ್ನೋ ಗೊಂದಲವನ್ನೂ ಸುಪ್ರೀಂ ಕೋರ್ಟು 2020ರ ಆಗಸ್ಟ್ 11ರಂದು ಬಗೆಹರಿಸಿತು, ಹಕ್ಕು ಹುಟ್ಟಿನಿಂದಲೇ ಬರುತ್ತೆ, ತಂದೆ ಬದುಕಿರಬೇಕಾಗಿಲ್ಲ ಅಂತ. ನಮ್ಮ ಅಕ್ಕನ ಮದುವೆ ಆಗಿದ್ದು 1999ರಲ್ಲಿ. ಯಾವ ಲೆಕ್ಕದಲ್ಲಿ ನೋಡಿದರೂ ಅವಳದ್ದು ಮೂರನೇ ಒಂದು ಪಾಲು.

ಹಕ್ಕು ಬಿಡುಗಡೆ ಪತ್ರ ಅಂತ ಒಂದು ಇರುತ್ತೆ, ನಿಮ್ಮಲ್ಲಿ ಅನೇಕರ ಮನೆಯಲ್ಲೂ ಇದ್ದಿರುತ್ತೆ. ಸ್ವಂತ ಇಷ್ಟದಿಂದ, ಯಾರ ಒತ್ತಾಯವೂ ಇಲ್ಲದೆ ಬಿಟ್ಟುಕೊಡ್ತಿದ್ದೇನೆ ಅಂತ ಬರೆದಿರುತ್ತಾರೆ. ಸಬ್ ರಿಜಿಸ್ಟ್ರಾರ್ ಆಫೀಸಿನ ಬೆಂಚಿನ ಮೇಲೆ ಕೂತು ಅಕ್ಕ ಸಹಿ ಹಾಕಿದಳು, ಹೆಬ್ಬೆಟ್ಟನ್ನೂ ಒತ್ತಿದಳು. ಒತ್ತಾಯ ಇರಲಿಲ್ಲ, ನಿಜ. ಯಾರೂ ಕೇಳಲೇ ಇಲ್ಲವಲ್ಲ, ಒತ್ತಾಯ ಎಲ್ಲಿಂದ ಬಂತು? ಅರಿಶಿನ ಕುಂಕುಮಕ್ಕೆ ಅಂತ ಒಂದು ರೇಷ್ಮೆ ಸೀರೆ, ಇಪ್ಪತ್ತೈದು ಸಾವಿರ ರೂಪಾಯಿ ಕೊಟ್ಟೆವು. ವಾಪಸ್ ಬರುವಾಗ ಜೀಪಿನಲ್ಲಿ ದೊಡ್ಡಪ್ಪ ಅಂದ್ರು, "ಅವಳ ಮದುವೆಗೆ ನಿಮ್ಮಪ್ಪ ಕಡಿಮೆ ಖರ್ಚು ಮಾಡಿದ್ನಾ? ಅಲ್ಲಿಗೆ ಸಮ ಆಯ್ತಲ್ಲ. ಅಷ್ಟಕ್ಕೂ ಐದು ಬೆರಳೂ ಒಂದೇ ಸಮ ಇರುತ್ತೇನೋ?"

ನಾನು ತಲೆ ಆಡಿಸಿದೆ. ಅಕ್ಕ ಕಿಟಕಿಯಾಚೆ ನೋಡ್ತಾ ಇದ್ದಳು.

ಒಂದೇ ಉಸಿರಿನಲ್ಲಿ ಸಮ ಆಯ್ತು ಅಂದರು, ಸಮ ಇರೋಕೆ ಸಾಧ್ಯವಿಲ್ಲ ಅಂತಲೂ ಅಂದರು. ಆವತ್ತು ಇದು ನನ್ನ ಕಿವಿಗೆ ಬೀಳಲೇ ಇಲ್ಲ. ಈಗ, ಇಷ್ಟು ವರ್ಷದ ಮೇಲೆ, ಮಗಳ ಪ್ರಶ್ನೆಯಿಂದಾಗಿ ಕೇಳಿಸ್ತಾ ಇದೆ. ನನ್ನ ಮತ್ತು ತಮ್ಮನ ನಡುವೆ ನಾವು ಮಾಡಿದ್ದು ಈಕ್ವಲೈಸ್. ಅಳೆದೆವು, ತೆಗೆದೆವು, ಹಾಕಿದೆವು. ಅಕ್ಕನ ಪಾಲಿಗೆ ಮಾಡಿದ್ದು ಈಕ್ವೇಟ್. ಮದುವೆ ಖರ್ಚು = ಜಮೀನು. ಎರಡು ಗೆರೆ, ಮುಗೀತು. ನಮ್ಮಿಬ್ಬರ ಮದುವೆಗೂ ಖರ್ಚಾಗಿತ್ತಲ್ಲ, ಅದನ್ನು ಯಾಕೆ ಯಾರೂ ಯಾವುದಕ್ಕೂ ಸಮ ಮಾಡಲಿಲ್ಲ?

ಲೆಕ್ಕ ಬಹಳ ಸುಲಭ. ನಾಲ್ಕೂವರೆ ಎಕರೆ ಅಂದ್ರೆ 180 ಗುಂಟೆ. ಮೂವರಿಗೆ ತಲಾ 60. ನನ್ನ ಹತ್ತಿರ ಇರೋದು 90. ಅಂದ್ರೆ ನನ್ನ ಜಮೀನಿನಲ್ಲಿ 30 ಗುಂಟೆ ಅಕ್ಕನದು. ಮೂರನೇ ಕ್ಲಾಸಿನ ಹುಡುಗ ಮಾಡೋ ಲೆಕ್ಕ. ಎಂಜಿನಿಯರಿಂಗ್ ಓದಿದ ನನಗೆ ಇಷ್ಟು ವರ್ಷ ಬೇಕಾಯ್ತು.

ಬುಧವಾರ ರಾತ್ರಿ ಅಕ್ಕನಿಗೆ ಫೋನ್ ಮಾಡಿದೆ. ವಿಷಯ ಎತ್ತೋಕೆ ಹತ್ತು ನಿಮಿಷ ಮಳೆ, ಅಡಿಕೆ ರೇಟು, ಭಾವನ ಮಂಡಿನೋವು ಎಲ್ಲ ಮಾತಾಡಿದೆ. ಕೊನೆಗೆ ಹೇಳಿದೆ. ಅವಳು ನಕ್ಕಳು. "ಈಗ್ಯಾಕೋ ಅದೆಲ್ಲ? ಹಳೇ ಕಥೆ. ನನಗೇನು ಕಮ್ಮಿಯಾಗಿದೆ?" ಅಂದಳು. ನಾನು ಸುಮ್ಮನಿದ್ದೆ. ಅವಳೂ ಸ್ವಲ್ಪ ಹೊತ್ತು ಸುಮ್ಮನಿದ್ದು, "ಆವತ್ತು ನೀನೊಂದು ಮಾತು ಕೇಳಬೇಕಿತ್ತು ಕಣೋ. ಕೊಡದಿದ್ರೂ ಬೇಜಾರಿರಲಿಲ್ಲ. ದೊಡ್ಡಪ್ಪ ಐದು ಬೆರಳಿನ ಮಾತು ಆಡಿದ್ರಲ್ಲ, ತುತ್ತು ಕಟ್ಟುವಾಗ ಅವೇ ಐದು ಬೆರಳು ಒಂದೇ ಮಟ್ಟಕ್ಕೆ ಬರ್ತವೆ ಅಂತ ಹೇಳೋಣ ಅನ್ಕೊಂಡೆ. ಹೇಳ್ಲಿಲ್ಲ" ಅಂದಳು.

ಫೋನ್ ಇಟ್ಟ ಮೇಲೆ ಊಟ ಮಾಡುವಾಗ ನೋಡಿಕೊಂಡೆ. ನಿಜ. ನೀವೂ ನೋಡಿ. ಚಿಕ್ಕ ಬೆರಳು ಉದ್ದ ಆಗಿರಲ್ಲ, ದೊಡ್ಡ ಬೆರಳು ಬಾಗಿರುತ್ತೆ.

ಇದನ್ನು ದೊಡ್ಡಸ್ತಿಕೆಗೆ ಬರೀತಿಲ್ಲ. ದೊಡ್ಡಸ್ತಿಕೆ ಪಡೋಕೆ ಇದರಲ್ಲಿ ಏನೂ ಇಲ್ಲ, ಅವಳದ್ದನ್ನು ಅವಳಿಗೆ ಕೊಡಬೇಕು ಅಷ್ಟೆ. ಬಾಯಲ್ಲಿ ಹೇಳಿದರೆ ಆಗೋದಿಲ್ಲ, ದಾನಪತ್ರ ಬರೆಸಿ ನೋಂದಣಿ ಮಾಡಿಸಬೇಕಂತೆ, ಪೋಡಿ ಆಗಬೇಕಂತೆ. (ಅವಳದ್ದನ್ನೇ ಅವಳಿಗೆ 'ದಾನ' ಕೊಡಬೇಕು, ಕಾಗದದ ಭಾಷೆ ನೋಡಿ!) ನನ್ನ ಕಡೆಯ 30 ಗುಂಟೆಯ ಓಡಾಟ ಶುರು ಮಾಡ್ತಾ ಇದ್ದೀನಿ. ತಮ್ಮನ ಜೊತೆ ಮಾತಾಡಿದೆ, ಅವನಿಗೆ ಸಿಟ್ಟು ಬಂದಿದೆ. ಅವನು ಊರಲ್ಲಿದ್ದು ತೋಟ ಮಾಡಿದವನು, ನಾನು ಬೆಂಗಳೂರಲ್ಲಿ ಸಂಬಳ ಎಣಿಸಿದವನು. 'ನಿನಗೆ ಧರ್ಮರಾಯ ಆಗೋದು ಸುಲಭ' ಅಂದ. ಅವನ ಮಾತಿನಲ್ಲೂ ಸತ್ಯ ಇದೆ. ನನ್ನ ತೂಕಕ್ಕೆ ಅವನನ್ನು ಈಕ್ವೇಟ್ ಮಾಡೋದೂ ತಪ್ಪೇ. ಮಾತು ನಡೀತಾ ಇದೆ, ಏನಾಗುತ್ತೋ ನೋಡಬೇಕು.

ಪದದ ವಿಷಯಕ್ಕೆ ವಾಪಸ್ ಬಂದು ಮುಗಿಸ್ತೀನಿ. ನನ್ನ ಅಭಿಪ್ರಾಯ ಇಷ್ಟೇ. ಈಕ್ವೇಟ್ ಮತ್ತು ಈಕ್ವಲೈಸ್ ಎರಡಕ್ಕೂ ಒಂದೇ ಕನ್ನಡ ಪದ ಬಳಸೋದನ್ನು ಬಿಡೋಣ. ಪತ್ರಿಕೆಗಳು ಬೇಕಿದ್ರೆ 'ಸಮೀಕರಿಸು', 'ಸಮಗೊಳಿಸು' ಅಂತ ಬರೆದುಕೊಳ್ಳಲಿ. ನಮ್ಮ ಮಾತಿಗೆ ಅದಕ್ಕಿಂತ ಚೊಕ್ಕವಾದದ್ದು ಆಗಲೇ ಇದೆ: 'ಸಮ ಅನ್ನು', 'ಸಮ ಮಾಡು'. ಅನ್ನೋದು ಬಾಯಿಯ ಕೆಲಸ, ಮಾಡೋದು ಕೈಯ ಕೆಲಸ. ಇನ್ನು ಮುಂದೆ ಯಾರಾದ್ರೂ 'ನಾವು ಸಮ ಮಾಡ್ತೀವಿ' ಅಂದ್ರೆ, ಅದು ಸರ್ಕಾರವಿರಲಿ, ಆಫೀಸಿರಲಿ, ಮನೆಯ ಯಜಮಾನನಿರಲಿ, ಮೂರು ಪ್ರಶ್ನೆ ಕೇಳೋಣ. ಏರಿಸ್ತೀರಾ, ಇಳಿಸ್ತೀರಾ, ಹಂಚ್ತೀರಾ? ಯಾರಿಂದ ತೆಗೆದು ಯಾರಿಗೆ? ಎತ್ತರ ತಗ್ಗು ನೋಡೋಕೆ ನೀರು ಬಿಟ್ಟು ನೋಡಿದ್ದೀರಾ? ಉತ್ತರ ಬರದೇ ಇದ್ರೆ ಅಲ್ಲಿರೋದು ಎರಡು ಗೆರೆ ಮಾತ್ರ ಅಂತ ತಿಳ್ಕೊಳ್ಳೋಣ.

ಮಗಳಿಗೆ ಉತ್ತರ ಹೇಳಿದೆ. ಹೋಂವರ್ಕ್ ಸೋಮವಾರವೇ ಕೊಟ್ಟಾಗಿತ್ತಂತೆ. ಎರಡಕ್ಕೂ 'ಸಮ ಮಾಡು' ಅಂತಲೇ ಬರೆದಿದ್ದಳು. ಮಿಸ್ಸು ಎರಡಕ್ಕೂ ರೈಟ್ ಹಾಕಿದ್ದಾರೆ :-(

ನಿಮ್ಮ ಕಡೆ ಈ ಎರಡಕ್ಕೂ ಬೇರೆ ಬೇರೆ ಮಾತು ಇದೆಯಾ? ಧಾರವಾಡದ ಕಡೆ, ಮಂಗಳೂರಿನ ಕಡೆ, ಕೊಳ್ಳೇಗಾಲದ ಕಡೆ ಏನಂತಾರೆ? ಗೊತ್ತಿದ್ರೆ ದಯವಿಟ್ಟು ತಿಳಿಸಿ. ಹಾಗೇ, ನಿಮ್ಮ ಮನೆಯ ಬೀರುವಿನಲ್ಲಿ ಅಂಥದ್ದೊಂದು ಬಿಡುಗಡೆ ಪತ್ರ ಇದ್ರೆ ಒಂದ್ಸಲ ತೆಗೆದು ಓದಿ. ಅಷ್ಟು ಸಾಕು.